ಪ್ರಶಸ್ತಿಗೆ ಕಳಿಸೋ ನಾಟಕಕ್ಕೆ ಮದುವೆ ವಿಡಿಯೊದವರು ಸಾಕೇ? ಹುಬ್ಬಳ್ಳಿ-ಧಾರವಾಡದ ಚಿತ್ರೀಕರಣ ಸೇವೆಯ ಒಂದು ವಿಮರ್ಶೆ

ಲಂಡನ್ನಿನ ಕ್ರಿಟಿಕ್ಸ್ ಸರ್ಕಲ್ 1913ರಿಂದ ಇದೆ, ನ್ಯೂಯಾರ್ಕಿನ ನಾಟಕ ವಿಮರ್ಶಕರ ಬಳಗ 1935ರಿಂದ. ಅಲ್ಲಿ ಪ್ರಶಸ್ತಿಗೆ ಮತ ಹಾಕುವವರು ವರ್ಷವಿಡೀ ರಂಗಮಂದಿರದಲ್ಲಿ ಕೂತು ನಾಟಕ ನೋಡಿದ ವಿಮರ್ಶಕರು. ಧಾರವಾಡದ ತಂಡಕ್ಕೆ ಆ ಭಾಗ್ಯ ಎಲ್ಲಿಂದ ಬರಬೇಕು? 2006ರಲ್ಲಿ ಶುರುವಾದ ಮಹೀಂದ್ರಾ ಎಕ್ಸಲೆನ್ಸ್ ಇನ್ ಥಿಯೇಟರ್ ಅವಾರ್ಡ್ಸ್, ಅಂದರೆ ಮೆಟಾ, ದೇಶದ ನಾನಾ ಭಾಷೆಗಳ ನಾಟಕಗಳನ್ನು ಮೊದಲು ವಿಡಿಯೊದಲ್ಲೇ ಸೋಸುತ್ತದೆ. ಆಯ್ಕೆಯಾದ ಹತ್ತು ನಾಟಕಗಳಷ್ಟೇ ದೆಹಲಿಗೆ ಹೋಗಿ ತೀರ್ಪುಗಾರರ ಎದುರು ಆಡುತ್ತವೆ. ರಾಷ್ಟ್ರೀಯ ನಾಟಕ ಶಾಲೆಯ ಭಾರತ ರಂಗ ಮಹೋತ್ಸವಕ್ಕೂ ರೆಕಾರ್ಡಿಂಗ್ ಕಳಿಸಬೇಕು. ಹೀಗಾಗಿ ಸೃಜನಾ ರಂಗಮಂದಿರದಲ್ಲಿ ಎಷ್ಟೇ ಚಪ್ಪಾಳೆ ಬಿದ್ದಿರಲಿ, ವಿಡಿಯೊ ಕೆಟ್ಟರೆ ನಾಟಕ ಮೊದಲ ಸುತ್ತಿನಲ್ಲೇ ಮನೆಗೆ.

ಆ ವಿಡಿಯೊ ಮಾಡಿಕೊಡುವವರು ಅವಳಿ ನಗರದಲ್ಲಿ ಬಹುಮಟ್ಟಿಗೆ ಮದುವೆ ಸ್ಟುಡಿಯೊದವರೇ. ಒಂದು ಸ್ಟುಡಿಯೊ ಅಂತಲ್ಲ, ಈ ಸೇವೆ ಒಟ್ಟಾರೆ ನಾಟಕಕ್ಕೆ ಎಷ್ಟು ಒಗ್ಗುತ್ತದೆ ಅನ್ನುವುದು ಇಲ್ಲಿಯ ವಿಷಯ. ಚಿತ್ರಕ್ಕೆ ಐದಕ್ಕೆ ಮೂರು ಕೊಡಬಹುದು. ಧ್ವನಿಗೆ ಒಂದು, ಅದೂ ಪಾಪ ಅಂತ.

ಕ್ಯಾಮೆರಾಗಳಲ್ಲಿ ದೋಷವಿಲ್ಲ. ದೆಹಲಿಗೆ ಕಳಿಸಲು ಬೇಕಾದ್ದಕ್ಕಿಂತ ಒಳ್ಳೆಯ ಕ್ಯಾಮೆರಾಗಳೇ ಇವರಲ್ಲಿವೆ. ತೊಂದರೆ ಇರುವುದು ರೂಢಿಯಲ್ಲಿ. 'ಕ್ರೇನ್ ಹಾಕೋಣ್ರಿ, ಸ್ಲೋ ಮೋಷನ್ ಮಾಡೋಣ್ರಿ' ಎಂದೇ ಮಾತು ಶುರುವಾಗುತ್ತದೆ. ಎರಡನ್ನೂ ಬೇಡ ಅನ್ನಬೇಕು. ಕ್ಯಾಮೆರಾ ಮೇಲಿನ ಲೈಟನ್ನು ಮನೆಯಲ್ಲೇ ಬಿಟ್ಟು ಬನ್ನಿ ಎಂದು ಮೊದಲೇ ಹೇಳಿಡಬೇಕು. ಕತ್ತಲ ದೃಶ್ಯ ಬಂದ ಕೂಡಲೇ ಅದನ್ನು ಹಚ್ಚುವುದು ಅವರ ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಹಿಡಿಯುವ ಬೆಳಕಿನ ಪ್ರಮಾಣ, ಆಟೋದಲ್ಲಿ ಇದ್ದರೆ ನಾಟಕದ ಕಥೆ ಮುಗಿಯಿತು. ಹಿಂದಿನ ಕಪ್ಪು ಪರದೆಯನ್ನೂ ಲೆಕ್ಕಕ್ಕೆ ಹಿಡಿದು ಕ್ಯಾಮೆರಾ ಬೆಳಕು ಏರಿಸುತ್ತದೆ, ನಟನ ಮುಖ ಸುಣ್ಣ ಬಳಿದ ಹಾಗೆ ಕಾಣುತ್ತದೆ. ರಂಗದ ದೀಪವೆಲ್ಲ ಆರಿ ಬ್ಲ್ಯಾಕ್‌ಔಟ್ ಆದಾಗ ವಿಡಿಯೊ ತುಂಬ ಬೂದು ಕಾಳು. ನಾಟಕದ ಅತಿ ಪ್ರಖರ ದೃಶ್ಯದಲ್ಲಿ ನಟನ ಮುಖ ನೋಡಿ ಮ್ಯಾನುಯಲ್‌ನಲ್ಲಿ ಹೊಂದಿಸಿ ಹಾಗೇ ಬಿಡಬೇಕು. ಕತ್ತಲು ಕತ್ತಲಾಗಿಯೇ ಕಾಣಲಿ. ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕು ಎಂದು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸೂ ಅಷ್ಟೇ. ಹ್ಯಾಲೊಜನ್ ದೀಪಗಳಿದ್ದರೆ 3200 ಕೆಲ್ವಿನ್‌ಗೆ ಕಟ್ಟಿಹಾಕಬೇಕು. ಆಟೋದಲ್ಲಿ ಬಿಟ್ಟರೆ ದೀಪದ ಮುಂದೆ ಆಂಬರ್ ಜೆಲ್ (ಹಳದಿ-ಕಿತ್ತಳೆ ಬಣ್ಣದ ಹಾಳೆ) ಹಾಕಿ ತಂದ ಸಂಜೆಯನ್ನು ಕ್ಯಾಮೆರಾ ನಿಧಾನಕ್ಕೆ ಬಿಳಿ ಮಾಡಿಬಿಡುತ್ತದೆ. ಮೆಟಾದಲ್ಲಿ ಬೆಳಕಿನ ವಿನ್ಯಾಸಕ್ಕೇ ಬೇರೆ ಪ್ರಶಸ್ತಿ ಇದೆ, ನೆನಪಿರಲಿ.

ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಇಟ್ಟುಕೊಂಡರೆ ಸಾಮಾನ್ಯವಾಗಿ ಚಿತ್ರದಲ್ಲಿ ಅಡ್ಡ ಪಟ್ಟಿ ಬೀಳುವುದಿಲ್ಲ. ಆದರೆ ಅಗ್ಗದ ಎಲ್‌ಇಡಿ ಪಾರ್‌ಗಳನ್ನು, ಅಂದರೆ ರಂಗದ ಬಣ್ಣದ ದೀಪಗಳನ್ನು, ಮಂದ ಮಾಡಿದಾಗ ಬೀಳಬಹುದು, ಯಾಕೆಂದರೆ ಅವು ಮಂದವಾಗುವುದು ಆರಿ-ಹತ್ತಿ ಆರಿ-ಹತ್ತಿ. ಬರೀ ಪೂರ್ಣ ಬೆಳಕಿನಲ್ಲಿ ಪರೀಕ್ಷೆ ಮಾಡಿ ಸುಮ್ಮನಾಗದೆ, ಪ್ರತಿ ಬಣ್ಣವನ್ನು ಕಾಲು ಭಾಗಕ್ಕೆ ಇಳಿಸಿಯೂ ನೋಡಬೇಕು.

ಎರಡು ಕ್ಯಾಮೆರಾ ಸಾಕು. ಒಂದು ಹಾಲಿನ ಹಿಂದೆ ನಟ್ಟನಡುವೆ, ಇಡೀ ರಂಗ ಹಿಡಿಯುವಂತೆ, ಆರಂಭದಿಂದ ಕೊನೆಯವರೆಗೆ ಅಲುಗಾಡದೆ ಇರಬೇಕು. ರಂಗವಿನ್ಯಾಸ, ನೃತ್ಯ ಸಂಯೋಜನೆ, ತಂಡದ ಒಟ್ಟು ಅಭಿನಯ ಇವಕ್ಕೆಲ್ಲ ಸಾಕ್ಷಿ ಇದೊಂದೇ. ಇನ್ನೊಂದರ ಹಿಂದೆ ನಿಲ್ಲುವವರು ಟೆಕ್ನಿಕಲ್ ರಿಹರ್ಸಲ್‌ಗೆ ಬಂದಿರಲೇಬೇಕು. ಇಲ್ಲದಿದ್ದರೆ ಮಾತಾಡುವವರ ಮುಖಕ್ಕೇ ಜೂಮ್ ಮಾಡುತ್ತಾ ಕೂರುತ್ತಾರೆ, ಕೇಳಿಸಿಕೊಳ್ಳುವವರ ಅಭಿನಯ ಚೌಕಟ್ಟಿನ ಹೊರಗೇ ಉಳಿಯುತ್ತದೆ. ಕಥಕ್, ಭರತನಾಟ್ಯದಲ್ಲಿ ಪಾದ ಕತ್ತರಿಸುವುದು, ಗದಗ-ಹಾವೇರಿ ಕಡೆಯ ದೊಡ್ಡಾಟದಲ್ಲಿ ಕಿರೀಟ ಕತ್ತರಿಸುವುದು ಮಾಮೂಲು ತಪ್ಪು.

ಸ್ಟುಡಿಯೊ ಹಳೆಯ ಡಿಎಸ್‌ಎಲ್‌ಆರ್ ತಂದರೆ ಸಾಮಾನ್ಯವಾಗಿ 29 ನಿಮಿಷ 59 ಸೆಕೆಂಡಿಗೆ ಅದರ ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ. ಮದುವೆಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ನಾಟಕದಲ್ಲಿ ಒಂದು ಮಾತೇ ಹೋಗುತ್ತದೆ. ಕ್ಯಾಮ್‌ಕಾರ್ಡರ್ ಕೇಳಿ. 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ರೆಕಾರ್ಡ್ ಮಾಡಿದರೆ ಗಂಟೆಗೆ 22.5 ಜಿಬಿ ಬೇಕು. ಎರಡು ಗಂಟೆಯ ನಾಟಕಕ್ಕೆ 64 ಜಿಬಿ ಕಾರ್ಡು ಸಾಕಾಗುತ್ತದೆ, ಆದರೆ ಖಾಲಿ ಮಾಡಿಕೊಂಡು ಬಂದದ್ದಾಗಿರಬೇಕು. ಹಿಂದಿನ ದಿನದ ಅರಿಶಿನ ಶಾಸ್ತ್ರ ಅದರಲ್ಲೇ ಕೂತಿರಬಾರದು.

ಇನ್ನು ಧ್ವನಿ. ಬಹಳಷ್ಟು ರೆಕಾರ್ಡಿಂಗ್‌ಗಳು ಸೋಲುವುದು ಇಲ್ಲೇ. ಮದುವೆ ವಿಡಿಯೊಕ್ಕೆ ಮೇಲೆ ಹಾಡು ಹಚ್ಚುತ್ತಾರೆ, ಹಾಗಾಗಿ ಸ್ಥಳದ ಧ್ವನಿಯ ಕಡೆ ಯಾರ ಗಮನವೂ ಇರುವುದಿಲ್ಲ. ಹಾಲಿನ ತುದಿಯ ಕ್ಯಾಮೆರಾ ಮೈಕಿಗೆ ಫ್ಯಾನು, ಕುರ್ಚಿ ಕಿರುಗುಟ್ಟುವುದು, ಮುಂದಿನ ಸಾಲಿನವರ ಕೆಮ್ಮು, ಇವೆಲ್ಲ ಸಂಭಾಷಣೆಗಿಂತ ಸ್ಪಷ್ಟವಾಗಿ ಕೇಳುತ್ತವೆ. ರಂಗದ ಅಂಚಿಗೆ ಮೂರು ಬೌಂಡರಿ ಮೈಕ್ (ನೆಲದ ಮೇಲೆ ಇಡುವ ಚಪ್ಪಟೆ ಮೈಕ್) ಬೇಕು, ನೆಲಕ್ಕೆ ನೇರ ತಾಗದಂತೆ ತೆಳು ಫೋಮ್ ಮೇಲೆ; ಗೆಜ್ಜೆಯ ಸದ್ದೇ ಬೇಕಾದ ನೃತ್ಯಕ್ಕೆ ಮಾತ್ರ ಫೋಮ್ ತೆಗೆಯಬಹುದು. ಹಾಡು-ಸಂಗೀತದ ಟ್ರ್ಯಾಕನ್ನು ಮಿಕ್ಸರ್‌ನಿಂದ ಬೇರೆ ತಂತಿಯಲ್ಲಿ ರೆಕಾರ್ಡರ್‌ಗೆ ಕೊಡಬೇಕು. ಅದು ಲೈನ್ ಇನ್‌ಗೆ ಹೋಗಲಿ. ಮೈಕ್ ಇನ್‌ಗೆ ಚುಚ್ಚಿದರೆ ಧ್ವನಿ ಒಡೆದು ಬರುತ್ತದೆ. ಧ್ವನಿಯ ಮಟ್ಟವನ್ನು ಯಂತ್ರವೇ ಏರಿಸಿ ಇಳಿಸುವ ಆಟೋ ಲೆವೆಲ್ ಬಂದ್ ಮಾಡಿಸಿ. ದೊಡ್ಡಾಟದ ಮದ್ದಳೆ ಒಮ್ಮೆ ಗುಡುಗಿದರೆ ಆಟೋ ಲೆವೆಲ್ ಎಲ್ಲವನ್ನೂ ತಗ್ಗಿಸುತ್ತದೆ, ಅದರ ಹಿಂದೆಯೇ ಬರುವ ಮಾತಿನ ಮೊದಲ ಎರಡು ಶಬ್ದ ಮಾಯ.

ಎಡಿಟಿಂಗ್‌ನಲ್ಲಿ ಇನ್ನೊಂದು ಸಿಕ್ಕು. ಇಪ್ಪತ್ತು ಮೀಟರ್ ದೂರದ ಕ್ಯಾಮೆರಾಕ್ಕೆ ಶಬ್ದ ಮುಟ್ಟುವುದು ಸುಮಾರು 58 ಮಿಲಿಸೆಕೆಂಡ್ ತಡವಾಗಿ, ಅಂದರೆ ಒಂದೂವರೆ ಫ್ರೇಮಿನಷ್ಟು. ರಂಗದ ಮೈಕನ್ನೂ ಕ್ಯಾಮೆರಾ ಮೈಕನ್ನೂ ಹಾಗೆಯೇ ಕಲಸಿದರೆ ಬಾವಿಯೊಳಗಿನ ಮಾತಿನಂತೆ ಕೇಳುತ್ತದೆ. ಕ್ಯಾಮೆರಾದ ಧ್ವನಿಯನ್ನು ಅಷ್ಟು ಬೇಗ ಕೇಳುವಂತೆ ಸರಿಸಬೇಕು, ಇಲ್ಲವೇ ಚಪ್ಪಾಳೆಗೆ ಮಾತ್ರ ಬಳಸಬೇಕು. ಪರದೆ ಏಳುವ ಮುನ್ನ ಒಮ್ಮೆ, ಬಿದ್ದ ಮೇಲೆ ಒಮ್ಮೆ ಕ್ಯಾಮೆರಾಕ್ಕೆ ಕಾಣುವಂತೆ ಚಪ್ಪಾಳೆ ತಟ್ಟಿಸಿ. ಎರಡು ಯಂತ್ರಗಳ ಗಡಿಯಾರ ಎರಡು ಗಂಟೆಯಲ್ಲಿ ಎಷ್ಟು ಸರಿಯಿತು ಎಂದು ಆಗ ತಿಳಿಯುತ್ತದೆ. ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವೆ ಎಲ್ಲ ಆರದಂತೆ ಕ್ಯಾಮೆರಾ, ರೆಕಾರ್ಡರ್ ಎರಡೂ ಬ್ಯಾಟರಿ ಮೇಲೆ ಓಡಲಿ.

ಸಬ್‌ಟೈಟಲ್ ಕೆಲಸವನ್ನು ಸ್ಟುಡಿಯೊಗೆ ಬಿಡಬೇಡಿ. ಧಾರವಾಡ ಕನ್ನಡದ ಬೈಗುಳವನ್ನು ಇಂಗ್ಲಿಷಿಗೆ ತರುವುದು ನಾಟಕ ಬಲ್ಲವರ ಕೆಲಸ. ಒಂದು ಸಲಕ್ಕೆ ಎರಡು ಸಾಲು, ಸಾಲಿಗೆ 42 ಅಕ್ಷರ ಮೀರದಿದ್ದರೆ ಓದಲಿಕ್ಕೆ ಆಗುತ್ತದೆ.

ವ್ಯವಹಾರದಲ್ಲಿ ಇವರು ಮೆತ್ತಗಿನ ಜನ, ಚೌಕಾಶಿಗೂ ಸಿಗುತ್ತಾರೆ. ಕ್ರೇನ್, ಆಲ್ಬಮ್, ಹೈಲೈಟ್ ಬೇಡ ಎಂದರೆ ದರ ಇಳಿಯುತ್ತದೆ. ಉಳಿದ ಹಣದಲ್ಲಿ ಮೈಕ್ ಬಾಡಿಗೆಗೆ ತರಬಹುದು. ಲಗ್ನದ ಮುಹೂರ್ತ ಇರುವ ದಿನ ಮಾತ್ರ ನಾಟಕ ಇಟ್ಟುಕೊಳ್ಳಬೇಡಿ. ಅನುಭವಸ್ಥರು ಕಲ್ಯಾಣ ಮಂಟಪದಲ್ಲಿರುತ್ತಾರೆ, ನಿಮ್ಮಲ್ಲಿಗೆ ಬರುವುದು ನಿನ್ನೆ ಕೆಲಸಕ್ಕೆ ಸೇರಿದ ಹುಡುಗ. ಸ್ವಂತ ಹಾರ್ಡ್ ಡಿಸ್ಕ್ ಒಯ್ದು ಅದೇ ರಾತ್ರಿ ಕಚ್ಚಾ ಫೈಲ್ ತುಂಬಿಸಿಕೊಳ್ಳಿ. ಜಾಗ ಬೇಕಾದಾಗ ಅವರು ಅಳಿಸುತ್ತಾರೆ, ಕೇಳುವುದಿಲ್ಲ.

ಯೂಟ್ಯೂಬಿಗೆ ಅನ್‌ಲಿಸ್ಟೆಡ್ ಆಗಿ, ಅಂದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ, ಏರಿಸುವಾಗ ನಾಟಕದಲ್ಲಿ ಸಿನಿಮಾ ಹಾಡಿನ ತುಣುಕಿದ್ದರೆ ಕಾಪಿರೈಟ್ ತಗಾದೆ ಬಂದು ಧ್ವನಿ ಬಂದ್ ಆಗಬಹುದು. ಡ್ರೈವ್ ಲಿಂಕ್ ಆದರೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ ಆಮೇಲೆ ಅರ್ಜಿ ಹಾಕಿ.