ಟ್ಯಾಲಿಪ್ರೈಮ್‌ಗೆ ಹಳೆಯ ಲೆಕ್ಕದ ವರ್ಗಾವಣೆ: ಬಿಲ್‌ವಾರು ಬಾಕಿಯನ್ನು ಬಿಡಬೇಡಿ

ದಾವಣಗೆರೆಯ ನಮ್ಮ ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿಯ ಲೆಕ್ಕವನ್ನು ಹಳೆಯ ಬಿಲ್ಲಿಂಗ್ ತಂತ್ರಾಂಶವೊಂದರಿಂದ ಟ್ಯಾಲಿಪ್ರೈಮ್ ಎಂಬ ಲೆಕ್ಕಪತ್ರ ತಂತ್ರಾಂಶಕ್ಕೆ ತಂದು, ಮರುವರ್ಷದ ಆಡಿಟ್ ಕೂಡ ಅದರಲ್ಲೇ ಮುಗಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಹಳೆಯ ವೋಚರುಗಳನ್ನೆಲ್ಲ (ಪ್ರತಿ ವ್ಯವಹಾರದ ನಮೂದುಗಳನ್ನು) ತರುವ ಗೋಜಿಗೆ ಹೋಗದೆ, ಮಾರ್ಚ್ 31ರ ಅಂತಿಮ ಶಿಲ್ಕನ್ನೇ ಏಪ್ರಿಲ್ 1ರ ಆರಂಭಿಕ ಶಿಲ್ಕಾಗಿ ತಂದೆವು. 4.0 ಆವೃತ್ತಿಯಿಂದ ಎಕ್ಸೆಲ್ ಹಾಳೆಯನ್ನೇ ಇಂಪೋರ್ಟ್ ಮಾಡಬಹುದಾದ್ದರಿಂದ ಲೆಡ್ಜರ್ (ಖಾತೆ) ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆಗಳು ತೊಂದರೆಯಿಲ್ಲದೆ ಬಂದವು.

ನಿಜವಾದ ಶ್ರಮ ಬೇಡುವುದು ಬಿಲ್‌ವಾರು ಬಾಕಿ, ಅಂದರೆ ಒಂದೊಂದು ಬಿಲ್ಲಿನಲ್ಲೂ ಇನ್ನೂ ಉಳಿದಿರುವ ಮೊತ್ತ. ತಾಳೆಪಟ್ಟಿಯಲ್ಲಿ (ಟ್ರಯಲ್ ಬ್ಯಾಲೆನ್ಸ್) ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ (ಆರಂಭಿಕ ಶಿಲ್ಕುಗಳ ವ್ಯತ್ಯಾಸ) ಎಂಬ ಸಾಲು ಅಳಿದೊಡನೆ ವರ್ಗಾವಣೆ ಮುಗಿಯಿತೆಂದು ಹಲವರು ತಿಳಿಯುತ್ತಾರೆ. ಆದರೆ ಪ್ರತಿ ಪಾರ್ಟಿಯ (ಗ್ರಾಹಕ ಅಥವಾ ಪೂರೈಕೆದಾರ) ಬಾಕಿಯನ್ನು ಬಿಡಿಸದೆ ಒಟ್ಟು ಮೊತ್ತವಾಗಿಯೇ ತಂದರೂ ಆ ಸಾಲು ಅಳಿಯುತ್ತದೆ. ಆಗ ಕಳೆದುಹೋಗುವುದು ಬಿಲ್ಲುಗಳ ದಿನಾಂಕ. ಪೂರೈಕೆದಾರರಿಗೆ ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಹಣ ಕೊಡದಿದ್ದರೆ ಅದರ ಮೇಲೆ ಪಡೆದ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು (ಖರೀದಿಯ ಮೇಲಿನ ತೆರಿಗೆಯ ವಜಾ) ಹಿಂತಿರುಗಿಸಬೇಕು ಎನ್ನುತ್ತದೆ ಜಿಎಸ್‌ಟಿ ಕಾಯ್ದೆ. ಸಣ್ಣ ತಯಾರಕರಿಗೆ ಒಪ್ಪಂದವಿದ್ದರೂ 45 ದಿನ ಮೀರಿ ಬಾಕಿ ಉಳಿಸಿಕೊಂಡರೆ, ಹಣ ಕೊಟ್ಟ ವರ್ಷದಲ್ಲಷ್ಟೇ ಆ ವೆಚ್ಚ ಆದಾಯ ತೆರಿಗೆಯ ಲೆಕ್ಕಕ್ಕೆ ಒಪ್ಪಿತವಾಗುತ್ತದೆ. ಇವೆರಡನ್ನೂ ದಿನಾಂಕವಿಲ್ಲದೆ ಲೆಕ್ಕ ಹಾಕಲಾಗದು. ಆದ್ದರಿಂದ ಪ್ರತಿ ಬಿಲ್ಲಿನ ಸಂಖ್ಯೆ, ಮೂಲ ದಿನಾಂಕ ಮತ್ತು ಉಳಿದ ಮೊತ್ತವನ್ನು ನಮೂದಿಸಿ, ಪಾರ್ಟಿಗಳಿಂದ ಬಾಕಿ ದೃಢೀಕರಣ ಪತ್ರವನ್ನೂ ತರಿಸಿಕೊಂಡೆವು. ಈಗ ಔಟ್‌ಸ್ಟ್ಯಾಂಡಿಂಗ್ ವರದಿ ತೆರೆದರೆ ಯಾರ ಬಿಲ್ಲು ಎಷ್ಟು ದಿನ ಹಳೆಯದೆಂಬುದು ಸ್ಪಷ್ಟವಾಗಿ ಕಾಣುತ್ತದೆ, ವಸೂಲಿಗೂ ಅದೇ ಆಧಾರ. ಈ ವರದಿಯೊಂದಕ್ಕಾಗಿಯೇ ನಾನು ಈ ತಂತ್ರಾಂಶವನ್ನು ಮೆಚ್ಚುತ್ತೇನೆ.

ದಾಸ್ತಾನಿನಲ್ಲಿ ಅಳತೆಯನ್ನು ಮೊದಲೇ ನಿರ್ಧರಿಸಿರಿ. ವೈರನ್ನು ನಾವು 90 ಮೀಟರಿನ ಕಾಯಿಲ್ ಲೆಕ್ಕದಲ್ಲಿ ಕೊಂಡು ಮೀಟರ್ ಲೆಕ್ಕದಲ್ಲಿಯೂ ಮಾರುತ್ತೇವೆ. ಇದಕ್ಕೆ ‘ಆಲ್ಟರ್ನೇಟ್ ಯೂನಿಟ್’ (ಒಂದೇ ಸರಕಿಗೆ ಎರಡು ಅಳತೆ) ಸೌಲಭ್ಯ ಚೆನ್ನಾಗಿ ಒದಗಿತು.

ಹಳೆಯ ದತ್ತಾಂಶವನ್ನು ಮಾತ್ರ ಅಳಿಸಬೇಡಿ. ಜಿಎಸ್‌ಟಿ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಹಳೆಯ ತಂತ್ರಾಂಶದ ಪರವಾನಗಿ ಮುಗಿಯುವ ಮೊದಲೇ ಲೆಡ್ಜರುಗಳನ್ನೂ ಮಾರಾಟ, ಖರೀದಿ ರಿಜಿಸ್ಟರುಗಳನ್ನೂ ಪಿಡಿಎಫ್ ಮತ್ತು ಎಕ್ಸೆಲ್ ಎರಡರಲ್ಲೂ ತೆಗೆದಿಟ್ಟುಕೊಳ್ಳಿ.