ಭಿನ್ನರಾಶಿ ಪಟ್ಟಿಗಳ ಪೆಟ್ಟಿಗೆ: ಪಟ್ಟಿ ಗಟ್ಟಿ, ಪುಸ್ತಿಕೆ ತಿದ್ದಿ ಕೊಡಬೇಕು

ಪೆಟ್ಟಿಗೆಯೊಳಗೆ 51 ಮರದ ಪಟ್ಟಿಗಳು, 60 ಹೇಳಿಕೆ ಲೆಕ್ಕಗಳ ಒಂದು ಪುಸ್ತಿಕೆ. ಮಂಗಳೂರಿನ ಹಂಪನಕಟ್ಟೆಯ ಪುಸ್ತಕದಂಗಡಿಯಲ್ಲಿ 350 ರೂಪಾಯಿ. ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಕೂಡುವುದು, ಕಳೆಯುವುದು ಕಲಿಸಲು ಎಂದು ಮುಚ್ಚಳದ ಮೇಲೆ ಬರೆದಿದೆ. ಪಟ್ಟಿಗಳಿಗೆ ಕೊಟ್ಟ ದುಡ್ಡು ದಂಡವಲ್ಲ. ಪುಸ್ತಿಕೆಯನ್ನು ಮಾತ್ರ ಮಗುವಿನ ಕೈಗೆ ಕೊಡುವ ಮೊದಲು ದೊಡ್ಡವರು ಯಾರಾದರೂ ಒಮ್ಮೆ ಪೆನ್ನು ಹಿಡಿದು ಕೂರಬೇಕು.

ಪೂರ್ಣ ಪಟ್ಟಿಯ ಉದ್ದ 24 ಸೆಂ.ಮೀ. ಯೋಚಿಸಿ ಆರಿಸಿದ ಅಳತೆ ಇದು. 24ನ್ನು 2, 3, 4, 6, 8, 12 ಎಲ್ಲದರಿಂದಲೂ ಶೇಷವಿಲ್ಲದೆ ಭಾಗಿಸಬಹುದು. ಹಾಗಾಗಿ ಅರ್ಧ 12 ಸೆಂ.ಮೀ., ಮೂರನೇ ಒಂದು 8, ಕಾಲು 6, ಹನ್ನೆರಡನೇ ಒಂದು 2. ಮಗು ಸ್ಕೇಲ್ ಇಟ್ಟು ತಾನೇ ತಾಳೆ ನೋಡಬಹುದು. 1/3 ಮತ್ತು 1/4ರ ಪಟ್ಟಿಗಳನ್ನು ತುದಿಗೆ ತುದಿ ಜೋಡಿಸಿದರೆ 14 ಸೆಂ.ಮೀ. ಆಯಿತು. ಅದರ ಕೆಳಗೆ ಬರೀ ಮೂರನೇ ಒಂದರ ತುಂಡು ಇಟ್ಟರೆ ಕೂರುವುದಿಲ್ಲ, ಬರೀ ಕಾಲಿನ ತುಂಡೂ ಕೂರುವುದಿಲ್ಲ. ಹನ್ನೆರಡನೇ ಒಂದರ ಏಳು ತುಂಡು ಸರಿಯಾಗಿ ಕೂರುತ್ತವೆ. ಉತ್ತರ 7/12. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/7 ಎಂದು ಬರೆಯುವ ಮಗುವಿಗೆ ಇದನ್ನು ತೋರಿಸಿ. 2/7 ಅಂದರೆ 7 ಸೆಂ.ಮೀ.ಗೂ ಕಡಿಮೆ, ಅಂದರೆ ಮೊದಲಿಟ್ಟ 8 ಸೆಂ.ಮೀ. ಪಟ್ಟಿಗಿಂತಲೂ ಚಿಕ್ಕದು. ಕೂಡಿದ ಮೇಲೆ ಮೊದಲಿಗಿಂತ ಕಡಿಮೆ ಆಗುವುದುಂಟೇ?

ಐದನೇ ಮತ್ತು ಹತ್ತನೇ ಒಂದರ ತುಂಡುಗಳಲ್ಲಿ ತೊಂದರೆ ಇದೆ. ಅವು 4.8 ಮತ್ತು 2.4 ಸೆಂ.ಮೀ. ಇರಬೇಕು. ಒಂದೇ ಉದ್ದನೆಯ ಪಟ್ಟಿಯಿಂದ ಕೊಯ್ಯುವಾಗ ಗರಗಸದ ದಪ್ಪಕ್ಕೆ ಹೋಗುವ ಮರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಪ್ರತಿ ತುಂಡೂ ಚೂರು ಗಿಡ್ಡವಾಗುತ್ತದೆ. ಹತ್ತು ತುಂಡು ಜೋಡಿಸಿದಾಗ ಪೂರ್ಣ ಪಟ್ಟಿಗೆ 3 ಮಿ.ಮೀ. ಕಡಿಮೆ ಬಂತು. ದೊಡ್ಡವರಿಗೆ ಅದು ಏನೂ ಅಲ್ಲ. 10/10 ಅಂದರೆ ಒಂದಕ್ಕಿಂತ ಸ್ವಲ್ಪ ಕಡಿಮೆ ಎಂದು ಮಗು ನಂಬಿಬಿಟ್ಟರೆ ಅದನ್ನು ಬಿಡಿಸುವುದು ಕಷ್ಟ. ಅಂಗಡಿಯಲ್ಲೇ ಪೆಟ್ಟಿಗೆ ತೆರೆದು ಈ ಹತ್ತು ತುಂಡು ಜೋಡಿಸಿ ನೋಡಿ ಕೊಳ್ಳಿ.

ಇದಕ್ಕಿಂತ ದೊಡ್ಡ ಕೊರತೆ, ಪೂರ್ಣ ಪಟ್ಟಿ ಇರುವುದು ಒಂದೇ. ಮಿಶ್ರ ಭಿನ್ನರಾಶಿ ಕಲಿಸುವ ಪೆಟ್ಟಿಗೆಯಲ್ಲಿ 2¼ ಇಟ್ಟು ತೋರಿಸಲು ಆಗುವುದಿಲ್ಲ ಅಂದರೆ ಹೇಗೆ? ದಪ್ಪ ರಟ್ಟಿನಲ್ಲಿ 24 ಸೆಂ.ಮೀ. ಉದ್ದದ ಐದು ಪಟ್ಟಿ ಕತ್ತರಿಸಿ ಸೇರಿಸಿಕೊಳ್ಳಿ. ಕಾಲಿನ ತುಂಡು ಇನ್ನೂ ನಾಲ್ಕು ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಪುಸ್ತಿಕೆಯ 22ನೇ ಲೆಕ್ಕ ನಿಜಕ್ಕೂ ಚೆನ್ನಾಗಿದೆ. ಹೂವಿನಂಗಡಿಯಲ್ಲಿ 5¼ ಅಟ್ಟೆ (ಕಟ್ಟಿದ ಮಲ್ಲಿಗೆ ಮಾರುವ ಅಳತೆ) ಮಲ್ಲಿಗೆ ಇತ್ತು, 2¾ ಅಟ್ಟೆ ಮಾರಾಟವಾಯಿತು, ಉಳಿದದ್ದೆಷ್ಟು? ಮಕ್ಕಳು ಸಾಮಾನ್ಯವಾಗಿ ಬರೆಯುವ ತಪ್ಪು ಉತ್ತರ 3½. ಐದರಲ್ಲಿ ಎರಡು ಕಳೆದು ಮೂರು. ಕಾಲಿನಲ್ಲಿ ಮುಕ್ಕಾಲು ಕಳೆಯಲಾಗದೆ, ಮುಕ್ಕಾಲಿನಲ್ಲೇ ಕಾಲು ಕಳೆದು ಅರ್ಧ. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ ನೋಡಿದವರಿಗೆ ಇಲ್ಲಿ ದಾರಿ ಸುಲಭ. ಒಂದು ಅಟ್ಟೆಗೆ ನಾಲ್ಕು ಚೆಂಡು, ಒಂದು ಚೆಂಡಿಗೆ 800 ಹೂ. ಹೂವಿನವರು ಬಿಡಿ ಚೆಂಡು ಸಾಲದಾಗ ಏನು ಮಾಡುತ್ತಾರೆ? ಒಂದು ಅಟ್ಟೆ ಬಿಚ್ಚುತ್ತಾರೆ. ಐದು ಅಟ್ಟೆ ಒಂದು ಚೆಂಡು ಇದ್ದದ್ದು ನಾಲ್ಕು ಅಟ್ಟೆ ಐದು ಚೆಂಡು ಆಯಿತು. ಅದರಲ್ಲಿ ಎರಡು ಅಟ್ಟೆ ಮೂರು ಚೆಂಡು ಕೊಟ್ಟರೆ ಉಳಿಯುವುದು ಎರಡು ಅಟ್ಟೆ ಎರಡು ಚೆಂಡು, ಅಂದರೆ 2½ ಅಟ್ಟೆ. ತಾಳೆ ಬೇಕಿದ್ದರೆ ಎಲ್ಲವನ್ನೂ ಚೆಂಡಿಗೆ ಇಳಿಸಿ: 21ರಲ್ಲಿ 11 ಹೋಗಿ 10. ವಿಷಮ ಭಿನ್ನರಾಶಿ (ಅಂಶ ಛೇದಕ್ಕಿಂತ ದೊಡ್ಡದಿರುವುದು) ಮಾಡಿಕೊಂಡು ಕಳೆಯುವುದು ಎಂದರೂ ಇದೇ, 21/4 − 11/4 = 10/4. ಎರಡು ವಿಧಾನವನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟಿರುವುದಕ್ಕೆ ಬರೆದವರಿಗೆ ಶಹಬ್ಬಾಸ್ ಹೇಳಲೇಬೇಕು.

ಹೀಗೆ ಬರೆಯಬಲ್ಲವರು ಮೂರನೇ ಪುಟದಲ್ಲಿ ಆ ಬಣ್ಣದ ಚೌಕ ಯಾಕೆ ಹಾಕಿದರೋ! ‘ಒಟ್ಟು ಎಂದಿದ್ದರೆ ಕೂಡು, ಉಳಿದ ಎಂದಿದ್ದರೆ ಕಳೆ’ ಎಂದು ಅದರಲ್ಲಿದೆ. ದಯವಿಟ್ಟು ಅದರ ಮೇಲೆ ಕಾಗದ ಅಂಟಿಸಿ. ಅದೇ ಪುಸ್ತಿಕೆಯ 41ನೇ ಲೆಕ್ಕ ನೋಡಿ: ಪಾಯಸಕ್ಕೆ 1¾ ಲೀಟರ್ ಹಾಲು ಹಾಕಿದ ಮೇಲೆ ಪಾತ್ರೆಯಲ್ಲಿ 2⅓ ಲೀಟರ್ ಉಳಿದಿದೆ, ಮೊದಲು ಎಷ್ಟಿತ್ತು? ‘ಉಳಿದ’ ಕಂಡ ಕೂಡಲೇ ಕಳೆದ ಮಗುವಿಗೆ ಬರುವುದು 7/12 ಲೀಟರ್. ಉಳಿದದ್ದೇ ಎರಡು ಲೀಟರಿಗೆ ಮೇಲೆ, ಮೊದಲಿದ್ದದ್ದು ಒಂದು ಲೀಟರೂ ಇಲ್ಲ! ಕೂಡಬೇಕಾದ ಲೆಕ್ಕ ಇದು. ಛೇದ 12ಕ್ಕೆ ತಂದರೆ 1 ಪೂರ್ಣ 9/12 ಮತ್ತು 2 ಪೂರ್ಣ 4/12, ಒಟ್ಟು 3 ಪೂರ್ಣ 13/12, ಅಂದರೆ 4 ಪೂರ್ಣ 1/12. ಪದ ಹುಡುಕಿಸುವ ಬದಲು ಮೂರು ಖಾನೆ ಬರೆಸಿ: ಮೊದಲಿದ್ದದ್ದು, ಹೋದದ್ದು ಅಥವಾ ಬಂದದ್ದು, ಈಗಿರುವುದು. ಗೊತ್ತಿರುವ ಎರಡನ್ನು ತುಂಬಿದರೆ ಕೂಡಬೇಕೋ ಕಳೆಯಬೇಕೋ ತಾನಾಗಿ ಕಾಣುತ್ತದೆ.

ಇನ್ನು ‘ಕಾಲು’. ‘3½ ಲೀಟರ್ ಎಣ್ಣೆಯಲ್ಲಿ ಕಾಲು ಖರ್ಚಾಯಿತು’ ಎಂದು 48ನೇ ಲೆಕ್ಕದಲ್ಲಿದೆ. ಕಾಲು ಲೀಟರೋ, ಕಾಲು ಭಾಗವೋ? ಲೀಟರ್ ಆದರೆ ಉಳಿಯುವುದು 3¼. ಭಾಗ ಆದರೆ ಹೋಗುವುದು 7/8 ಲೀಟರ್, ಉಳಿಯುವುದು 2⅝. ಉತ್ತರದ ಪುಟದಲ್ಲಿ 3¼ ಇದೆ, ಹಾಗಾಗಿ ಪ್ರಶ್ನೆಯಲ್ಲಿ ‘ಲೀಟರ್’ ಎಂದು ಸೇರಿಸಿಕೊಳ್ಳಿ.

ಅಚ್ಚಿನ ತಪ್ಪುಗಳೂ ಇವೆ. ಕೆಲವು ಕಡೆ 2¾ ಎಂಬುದನ್ನು ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಹಾಕಿ ಅದು 23/4 ಎಂದು ಕಾಣುತ್ತದೆ. ಅದರ ಬೆಲೆ 5¾. 53ನೇ ಲೆಕ್ಕ 4 ಪೂರ್ಣ 1/6ರಲ್ಲಿ 1 ಪೂರ್ಣ 3/8 ಕಳೆಯುವುದು. ಉತ್ತರ 3 ಪೂರ್ಣ 19/24 ಎಂದು ಕೊಟ್ಟಿದ್ದಾರೆ. ಸರಿಯಾದದ್ದು 2 ಪೂರ್ಣ 19/24. ಒಂದು ಪೂರ್ಣ ಬಿಚ್ಚಿಕೊಂಡ ಮೇಲೆ 4ನ್ನು 3 ಮಾಡಲು ಮರೆತರೆ ಬರುವ ಉತ್ತರ ಅದು. ಮಗು 2 ಪೂರ್ಣ 5/24 ಬರೆದಿದ್ದರೆ ಕಾರಣ ಬೇರೆ: 1/6 ಎಂದರೆ 4/24, 3/8 ಎಂದರೆ 9/24; ಆ 4ಕ್ಕೆ 24 ಸೇರಿಸಿ 28/24 ಮಾಡುವ ಬದಲು, ಪೂರ್ಣ ಸಂಖ್ಯೆಯ ಅಭ್ಯಾಸದಲ್ಲಿ 10 ಸೇರಿಸಿ 14/24 ಮಾಡಿಕೊಂಡಿದೆ. ಒಂದು ಪೂರ್ಣ ಎಂದರೆ ಇಲ್ಲಿ 24 ತುಂಡು ಎಂದು ಹೇಳಿದರೆ ಸಾಕು. ಪೆಟ್ಟಿಗೆಯಲ್ಲಿ 24ನೇ ಒಂದರ ತುಂಡು ಇಲ್ಲ, ಅದಕ್ಕೆ ಸ್ಕೇಲೇ ಗತಿ, ಪ್ರತಿ ಸೆಂ.ಮೀ. ಒಂದು 24ನೇ ಭಾಗ. 6ನ್ನೂ 8ನ್ನೂ ಗುಣಿಸಿ 48 ಛೇದ ಮಾಡಿದರೂ ತಪ್ಪಲ್ಲ, 38/48 ಬರುತ್ತದೆ, ಆಮೇಲೆ ಸಂಕ್ಷೇಪಿಸಬೇಕು ಅಷ್ಟೇ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಇಲ್ಲಿ 24) ಹಿಡಿದರೆ ಆ ಕೆಲಸ ತಪ್ಪುತ್ತದೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಇದನ್ನು ‘ನಿರುದ್ಧ’ ಎಂದು ಕರೆದು ಭಿನ್ನರಾಶಿ ಕೂಡಲು ಬಳಸಿದ್ದ. ಮಕ್ಕಳಿಗೆ ಇದನ್ನೂ ಹೇಳಿ, ಖುಷಿಪಡುತ್ತಾರೆ.

ಐದನೇ ತರಗತಿಯವರಿಗೆ ಮೊದಲ 20 ಲೆಕ್ಕ ಸಾಕು. ಆರು, ಏಳನೆಯವರು 22ರಿಂದ ಶುರುಮಾಡಬಹುದು. ಜೂನ್ ಹೊತ್ತಿಗೆ ಪಟ್ಟಿಗಳನ್ನು ಮುಚ್ಚಳ ಗಟ್ಟಿಯಿರುವ ಡಬ್ಬಕ್ಕೆ ಹಾಕಿಡಿ. ನಮ್ಮ ಮಳೆಗಾಲದ ತೇವಕ್ಕೆ ಪ್ಲೈವುಡ್ ಉಬ್ಬಿದರೆ ತುಂಡುಗಳು ಸರಿಯಾಗಿ ಕೂರುವುದಿಲ್ಲ.