ಬ್ರಿಟಿಷ್ ಮ್ಯೂಸಿಯಂನ 95ನೇ ಕೋಣೆ: ಚೀನಿ ಪಿಂಗಾಣಿ ಇಷ್ಟವಿದ್ದರೆ ಬಿಡಬೇಡಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋದವರು ಜಾಸ್ತಿ ಈಜಿಪ್ಟಿನ ಮಮ್ಮಿಗಳ ಮುಂದೆಯೇ ಮುಗಿಬೀಳುತ್ತಾರೆ. 95ನೇ ಕೋಣೆಗೂ ಹೋಗಿ ಅನ್ನೋದು ನನ್ನ ಸಲಹೆ. ಬಾಂಬೆಯಲ್ಲಿ ಹುಟ್ಟಿದ ಪರ್ಸಿವಲ್ ಡೇವಿಡ್ ಕೂಡಿಸಿಟ್ಟ ಸುಮಾರು 1,700 ವಸ್ತುಗಳು ಇಲ್ಲಿವೆ, ಹೆಚ್ಚುಕಡಿಮೆ ಎಲ್ಲವೂ ಚೀನಾದ ಪಿಂಗಾಣಿ. ಅಷ್ಟನ್ನೂ ಒಂದೇ ಸಲ ನೋಡಿಬಿಡ್ತೀನಿ ಅಂತ ಹೊರಟರೆ ಯಾವುದೂ ತಲೆಯಲ್ಲಿ ಉಳಿಯಲ್ಲ.

ಮೊದಲು ಆನೆಮುಖದ ಹಿಡಿಕೆಯ ಹೂದಾನಿ ಜೋಡಿ ನೋಡಿ. ಕತ್ತಿನ ಮೇಲೆ ಬರಹವಿದೆ: 1351ರಲ್ಲಿ ದೇವಸ್ಥಾನಕ್ಕೆ ಕೊಟ್ಟದ್ದು. ಹಸಿ ಮೈ ಮೇಲೆ ನೀಲಿ ಬಣ್ಣ ಕೊಡುವ ಕೋಬಾಲ್ಟಿನಲ್ಲಿ ಚಿತ್ರ ಬರೆದು, ಮೇಲೆ ಮೆರುಗು ಕೊಟ್ಟು ಸುಟ್ಟಿದ್ದಾರೆ. ಚಿತ್ರ ಗಾಜಿನಂಥ ಪದರದ ಅಡಿಯಲ್ಲಿ ಇರೋದರಿಂದಲೇ ಆ ನೀಲಿ ಇವತ್ತಿಗೂ ಸವೆದಿಲ್ಲ. ಡ್ರ್ಯಾಗನ್ನಿನ ಉಗುರು ಎಣಿಸಿ. ನಾಲ್ಕೇ! ಐದು ಉಗುರಿನದು ಚಕ್ರವರ್ತಿಗೆ ಮೀಸಲು, ದೇವಸ್ಥಾನಕ್ಕೆ ಕೊಡುವವರು ಅದನ್ನು ಬರೆಸೋಕೆ ಆಗುತ್ತಾ?

ಆಮೇಲೆ ಕೋಳಿ ಬಟ್ಟಲು, ಮಿಂಗ್ ಚಕ್ರವರ್ತಿ ಚೆಂಗ್‌ಹುವಾ ಕಾಲದ್ದು (1465–87). ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಹುಂಜ, ಹೇಂಟೆ, ಕಾಲಡಿ ಓಡಾಡುವ ಮರಿಗಳು, ಅಂದರೆ ಮಕ್ಕಳುಮರಿ ತುಂಬಿದ ಸಂಸಾರದ ಹಾರೈಕೆ. ಗೆರೆಗಳನ್ನು ನೀಲಿಯಲ್ಲಿ ಎಳೆದು, ಮೆರುಗು ಕೊಟ್ಟು ಸುಟ್ಟು, ಆಮೇಲೆ ಕೆಂಪು, ಹಸಿರು, ಹಳದಿ ತುಂಬಿ ಕಡಿಮೆ ಬಿಸಿಯಲ್ಲಿ ಇನ್ನೊಮ್ಮೆ ಸುಡುತ್ತಿದ್ದರು. ಎರಡನೇ ಸಲ ಏನಾದರೂ ಎಡವಟ್ಟಾದರೆ ಮೊದಲಿನ ಕೆಲಸವೂ ಹೋಯ್ತು. 2014ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ ಇಂಥದ್ದೇ ಒಂದು ಬಟ್ಟಲು 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯಿತು, ಇಲ್ಲಿ ಸುಮ್ನೆ ನಿಂತು ನೋಡಬಹುದು.

ಚೀನಾದ ಕೊನೆಯ ರಾಜವಂಶವಾದ ಚಿಂಗ್ ಕಾಲದ ಬಣ್ಣದ ಬಟ್ಟಲುಗಳಲ್ಲಿ ಕೈಚಳಕ ಅದ್ಭುತ, ಒಪ್ಪುತ್ತೇನೆ. ಆದರೆ ಕೆಲವದರಲ್ಲಿ ಉಸಿರಾಡೋಕೂ ಜಾಗ ಬಿಟ್ಟಿಲ್ಲ. ಇಂಥ ಪಿಂಗಾಣಿಯಲ್ಲಿ ಬಾವಲಿ ಕಂಡರೆ ಅದೃಷ್ಟ, ಪೀಚ್ ಹಣ್ಣು ಕಂಡರೆ ದೀರ್ಘಾಯುಷ್ಯ ಅಂತ ಓದಿಕೊಳ್ಳಿ, ಸಾಕು.

ನನ್ನ ಓಟು ಮಾತ್ರ ರು ಪಿಂಗಾಣಿಗೆ. ಉತ್ತರ ಸಾಂಗ್ ರಾಜವಂಶದ (960–1127) ಅರಮನೆಗೆ ಅಂತ ಮಾಡಿದ್ದು, ಇಡೀ ಜಗತ್ತಿನಲ್ಲಿ ನೂರರ ಆಸುಪಾಸಿನಲ್ಲಷ್ಟೇ ಉಳಿದಿವೆ. ಚಿತ್ರ ಇಲ್ಲ, ಹೂವಿಲ್ಲ, ಡ್ರ್ಯಾಗನ್ ಇಲ್ಲ. ನೀಲಿಯೋ ಹಸಿರೋ ಹೇಳಲಾಗದ ದಪ್ಪ ಮೆರುಗು, ಅದರೊಳಗೆ ಕೂದಲೆಳೆಯಂಥ ಬಿರುಕು. ತಳಕ್ಕೂ ಮೆರುಗು ಬಳಿದು ಮಣ್ಣಿನ ಸಣ್ಣ ಮೊನೆಗಳ ಮೇಲೆ ನಿಲ್ಲಿಸಿ ಸುಡುತ್ತಿದ್ದರು, ಅದಕ್ಕೇ ಅಡಿಯಲ್ಲಿ ಎಳ್ಳಿನ ಕಾಳಿನಷ್ಟು ಗುರುತು ಉಳಿದಿರುತ್ತವೆ. ಅಲಂಕಾರ ಅಂದರೆ ಚಿತ್ರ ಬರೆಯೋದು ಅಂದುಕೊಂಡವರು ಮೊದಲು ಇದನ್ನೇ ನೋಡಲಿ.

ಪ್ರವೇಶ ಉಚಿತ. ಉಳಿದ ಕಪಾಟುಗಳಿಗೆ ಇನ್ನೊಂದು ದಿನ ಹೋದರಾಯ್ತು.